ಕೈಕೆಲಸದ ಪುಟ್ಟ ಕಟ್ಟಡಗಳಿಗೆ ಬೆಲೆ ಕಟ್ಟುವ ಬಗೆ

ಮಾದರಿ ರೈಲ್ವೆ ಕಟ್ಟಡಗಳ ಆನ್‌ಲೈನ್ ಮಾರಾಟ: ವೆಚ್ಚ, ತೆರಿಗೆ ಮತ್ತು ಲಾಭದ ಲೆಕ್ಕ

ಕುಂದಾಪುರದಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಉತ್ತರಕ್ಕೆ ಸಾಗುವವರಿಗೆ ಹೊಳೆ ದಾಟಿದ ಮೇಲೆ ದೊರೆಯುವ ಊರು ತಲ್ಲೂರು. ಸಮೀಪದಲ್ಲಿಯೇ ಇರುವ ಉಪ್ಪಿನಕುದ್ರು ಯಕ್ಷಗಾನ ಗೊಂಬೆಯಾಟಕ್ಕೆ ಹೆಸರಾದ ಸ್ಥಳ. ದಿವಂಗತ ಕೊಗ್ಗ ಕಾಮತರ ಮನೆತನ ಉಳಿಸಿಕೊಂಡು ಬಂದ ಮರದ ಸೂತ್ರದ ಗೊಂಬೆಗಳು ದೇಶ ವಿದೇಶಗಳ ರಂಗಸ್ಥಳವನ್ನು ಕಂಡಿವೆ. ಮರವನ್ನು ಕಿರಿದು ಅಳತೆಯಲ್ಲಿ ಕಡೆದು, ಬಣ್ಣ ಹಚ್ಚಿ, ನೋಡುವವರ ಕಣ್ಣಿಗೆ ನಿಜವೆನ್ನಿಸುವ ಕೆಲಸ ಈ ಪರಿಸರಕ್ಕೆ ಹೊಸದಲ್ಲ. ಹೊಸದಾಗಿ ಬಂದಿರುವುದು ಮಾರುಕಟ್ಟೆ. ಇಂದು ಹಳ್ಳಿಯ ಜಗಲಿಯಲ್ಲಿ ಕುಳಿತು ಮಾಡಿದ ವಸ್ತುವನ್ನು ಅಂತರ್ಜಾಲದ ಮೂಲಕ ಬೆಂಗಳೂರು, ಪುಣೆ, ಲಂಡನ್ನಿನ ಗ್ರಾಹಕರಿಗೆ ನೇರವಾಗಿ ಮಾರಲು ಸಾಧ್ಯವಾಗಿದೆ.

ಇಂತಹ ವಸ್ತುಗಳ ಪೈಕಿ ಒಂದು, ಮಾದರಿ ರೈಲುಗಳ ಪಕ್ಕದಲ್ಲಿ ಇಡುವ ಪುಟ್ಟ ಕಟ್ಟಡಗಳು. ನಿಲ್ದಾಣ, ಸಿಗ್ನಲ್ ಕ್ಯಾಬಿನ್, ಗೇಟ್‌ಮನ್ ಮನೆ, ಗೋದಾಮು, ಹೆಂಚಿನ ಮಾಡಿನ ಅಂಗಡಿ ಇತ್ಯಾದಿ. ನೋಡಲು ಆಟಿಕೆಯಂತೆ ಕಂಡರೂ ಇವುಗಳನ್ನು ಕೊಳ್ಳುವವರು ಬಹುಪಾಲು ವಯಸ್ಕ ಹವ್ಯಾಸಿಗಳು. ಕೈಕೆಲಸದ ಯಾವುದೇ ವಸ್ತುವಿಗೆ ಬೆಲೆ ನಿಗದಿಪಡಿಸುವಾಗ ಎದುರಾಗುವ ಎಲ್ಲ ತೊಡಕುಗಳೂ ಈ ಒಂದು ಸರಕಿನಲ್ಲಿ ಸ್ಪಷ್ಟವಾಗಿ ಗೋಚರಿಸುವುದರಿಂದ, ಬೇರೆ ಕಸುಬಿನ ಸಣ್ಣ ತಯಾರಕರಿಗೂ ಇದರ ಲೆಕ್ಕಾಚಾರ ಉಪಯುಕ್ತವಾದೀತು.

ಮಾರುಕಟ್ಟೆಯ ಸ್ವರೂಪ

ಮಾದರಿ ರೈಲಿನ ಹವ್ಯಾಸಕ್ಕೆ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ. ಬ್ರಿಟನ್ನಿನಲ್ಲಿ ಫ್ರಾಂಕ್ ಹಾರ್ನ್‌ಬಿ 1920ರಲ್ಲಿ ತನ್ನ ಆಟಿಕೆ ರೈಲುಗಳನ್ನು ಮಾರುಕಟ್ಟೆಗೆ ತಂದರು. ಅಮೆರಿಕದ ಹವ್ಯಾಸಿಗಳ ರಾಷ್ಟ್ರೀಯ ಸಂಘ 1935ರಲ್ಲಿ ಸ್ಥಾಪನೆಯಾಗಿ ಅಳತೆಗಳಿಗೆ ಏಕರೂಪತೆ ತಂದಿತು. ಜರ್ಮನಿಯ ಕಪ್ಪು ಅರಣ್ಯ ಪ್ರದೇಶದಲ್ಲಿ ಫಾಲರ್ ಸಹೋದರರು 1946ರಲ್ಲಿ ಆರಂಭಿಸಿದ ಸಂಸ್ಥೆ ಮಾದರಿ ಕಟ್ಟಡಗಳಿಂದಲೇ ಹೆಸರಾಯಿತು. ಭಾರತದಲ್ಲಿ ಈ ಹವ್ಯಾಸ ಚಿಕ್ಕದು. ಆದರೂ ಪುಣೆಯಲ್ಲಿ 1998ರಿಂದ ಸಾರ್ವಜನಿಕರಿಗೆ ತೆರೆದಿರುವ ಜೋಶಿಯವರ ಕಿರು ರೈಲ್ವೆ ವಸ್ತುಸಂಗ್ರಹಾಲಯವನ್ನಾಗಲಿ, ಮೈಸೂರಿನಲ್ಲಿ 1979ರಲ್ಲಿ ಸ್ಥಾಪಿತವಾದ ರೈಲ್ವೆ ವಸ್ತುಸಂಗ್ರಹಾಲಯವನ್ನಾಗಲಿ ನೋಡಿದವರಿಗೆ ರೈಲಿನ ಮೇಲಿನ ಜನರ ಒಲವು ಎಷ್ಟೆಂಬುದು ತಿಳಿದಿದೆ.

ಕಾರ್ಖಾನೆಯಲ್ಲಿ ಅಚ್ಚು ಹಾಕಿ ಸಾವಿರಗಟ್ಟಲೆ ತಯಾರಾಗುವ ಪ್ಲಾಸ್ಟಿಕ್ ಕಟ್ಟಡಗಳೊಂದಿಗೆ ಬೆಲೆಯಲ್ಲಿ ಸ್ಪರ್ಧಿಸಲು ಕೈಕೆಲಸಗಾರನಿಗೆ ಎಂದಿಗೂ ಸಾಧ್ಯವಿಲ್ಲ. ಹಾಗೆ ಸ್ಪರ್ಧಿಸುವ ಅಗತ್ಯವೂ ಇಲ್ಲ. ಆ ಕಾರ್ಖಾನೆಗಳು ತಯಾರಿಸುವುದು ಹೆಚ್ಚಾಗಿ ಯೂರೋಪು ಮತ್ತು ಅಮೆರಿಕದ ಕಟ್ಟಡಗಳನ್ನು. ಮಂಗಳೂರು ಹೆಂಚಿನ ಮಾಡು, ಕೆಂಪುಕಲ್ಲಿನ ಗೋಡೆ, ಮಳೆನೀರು ಒಳಬಾರದಂತೆ ಮುಂಚಾಚಿದ ಸೂರು, ಕೊಂಕಣ ರೈಲ್ವೆಯ ಚಿಕ್ಕ ನಿಲ್ದಾಣ ಇವುಗಳನ್ನು ಅವರು ಮಾಡುವುದಿಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯ ಮಾಡುಗಳ ಚಹರೆಯೇ ಬದಲಾಯಿತು. 1998ರಲ್ಲಿ ಕೊಂಕಣ ರೈಲು ಮಾರ್ಗ ಸಂಪೂರ್ಣವಾದ ಬಳಿಕ ಕುಂದಾಪುರ, ಸೇನಾಪುರ, ಬಿಜೂರು, ಬೈಂದೂರು ನಿಲ್ದಾಣಗಳು ಈ ಭಾಗದ ಜನರ ನಿತ್ಯದ ನೆನಪಿನ ಭಾಗಗಳಾಗಿವೆ. ಊರು ಬಿಟ್ಟು ಮುಂಬಯಿಯಲ್ಲೋ ಕೊಲ್ಲಿ ರಾಷ್ಟ್ರಗಳಲ್ಲೋ ನೆಲೆಸಿದ ಕುಟುಂಬಕ್ಕೆ ತನ್ನೂರಿನ ನಿಲ್ದಾಣದ ಮಾದರಿ ಕೇವಲ ಅಲಂಕಾರದ ವಸ್ತುವಲ್ಲ. ಬೇರೆಲ್ಲಿಯೂ ದೊರೆಯದ ವಸ್ತುವನ್ನು ಮಾರುವವನು ಬೆಲೆಯ ವಿಷಯದಲ್ಲಿ ಸ್ವಲ್ಪ ಗಟ್ಟಿಯಾಗಿ ನಿಲ್ಲಬಲ್ಲ.

ಅಳತೆ ತಪ್ಪಿದರೆ ಸರಕು ಹಿಂದಿರುಗುತ್ತದೆ

ಬೆಲೆಗಿಂತ ಮೊದಲು ಅಳತೆ. ಈ ಹವ್ಯಾಸದಲ್ಲಿ ಹೆಚ್ಚು ಬಳಕೆಯಲ್ಲಿರುವ ಎಚ್‌ಒ ಎಂಬ ಅಳತೆ 1:87ರದು. ಬ್ರಿಟನ್ನಿನಲ್ಲಿ ಪ್ರಚಲಿತವಾದ ಒಒ ಅಳತೆ 1:76. ಅದಕ್ಕೂ ಚಿಕ್ಕದಾದ ಎನ್ ಅಳತೆ ಸಾಮಾನ್ಯವಾಗಿ 1:160. ಏಳಡಿಗೆ ಹತ್ತಿರವಾದ 2.1 ಮೀಟರ್ ಎತ್ತರದ ಬಾಗಿಲು ಎಚ್‌ಒ ಅಳತೆಯಲ್ಲಿ ಸುಮಾರು 24 ಮಿಲಿಮೀಟರ್, ಒಒದಲ್ಲಿ ಸುಮಾರು 28 ಮಿಲಿಮೀಟರ್, ಎನ್‌ನಲ್ಲಿ 13 ಮಿಲಿಮೀಟರ್. ಬರಿಗಣ್ಣಿಗೆ ಅಲ್ಪವೆನಿಸುವ ನಾಲ್ಕು ಮಿಲಿಮೀಟರಿನ ವ್ಯತ್ಯಾಸವನ್ನು ಹವ್ಯಾಸಿಯು ನೋಡಿದೊಡನೆ ಗುರುತಿಸುತ್ತಾನೆ. ಹದಿನಾರು ಅಂಗುಲದ ಮಂಗಳೂರು ಹೆಂಚು ಎಚ್‌ಒ ಅಳತೆಯಲ್ಲಿ 5 ಮಿಲಿಮೀಟರಿಗೂ ಕಡಿಮೆ. ಅದನ್ನು ಸಾಲುಸಾಲಾಗಿ ಜೋಡಿಸುವ ಕೆಲಸವೇ ಒಂದು ಕಟ್ಟಡದ ತಯಾರಿಕೆಯಲ್ಲಿ ಅತಿ ಹೆಚ್ಚು ಸಮಯ ನುಂಗುತ್ತದೆ.

ಇಲ್ಲಿ ಭಾರತೀಯ ತಯಾರಕನಿಗೆ ಒಂದು ಅನುಕೂಲವಿದೆ. ನಮ್ಮ ಬ್ರಾಡ್‌ಗೇಜ್ ಹಳಿಯ ಅಗಲ 1676 ಮಿಲಿಮೀಟರ್. ಎಚ್‌ಒ ಅಳತೆಗೆ ಇಳಿಸಿದರೆ ಅದು 19 ಮಿಲಿಮೀಟರಿಗೂ ಮಿಕ್ಕುತ್ತದೆ. ಅಂಗಡಿಯಲ್ಲಿ ದೊರೆಯುವ ಎಚ್‌ಒ ಹಳಿಯ ಅಗಲ 16.5 ಮಿಲಿಮೀಟರ್ ಮಾತ್ರ. ಈ ಕಾರಣದಿಂದ ಭಾರತೀಯ ರೈಲುಗಳ ಮಾದರಿ ಮಾಡುವವರಿಗೆ ಸದಾ ತೊಡಕು. ಕಟ್ಟಡಕ್ಕೆ ಆ ತೊಡಕಿಲ್ಲ. ಅಳತೆ ಸರಿಯಿದ್ದರೆ ಯಾವ ಹಳಿಯ ಪಕ್ಕದಲ್ಲಾದರೂ ಅದು ಒಪ್ಪುತ್ತದೆ.

ಒಂದು ಉದಾಹರಣೆ

ತಲ್ಲೂರಿನಲ್ಲಿ ಮನೆಯಲ್ಲಿಯೇ ಕುಳಿತು ಇಂತಹ ಕಟ್ಟಡಗಳನ್ನು ಮಾಡುವ ಒಬ್ಬ ಯುವಕನಿದ್ದಾನೆಂದು ಭಾವಿಸಬಹುದು. ಮುಂದೆ ಬರುವ ವೆಚ್ಚದ ಅಂಕಿಗಳು ಲೆಕ್ಕದ ಕ್ರಮವನ್ನು ತೋರಿಸಲು ಇಟ್ಟುಕೊಂಡವು. ಪ್ರತಿಯೊಬ್ಬರೂ ತಮ್ಮ ಅಂಕಿಗಳನ್ನು ಅಲ್ಲಿ ಹಾಕಿಕೊಳ್ಳಬೇಕು. ಎಚ್‌ಒ ಅಳತೆಯ, ಹೆಂಚಿನ ಮಾಡಿನ ಒಂದು ಚಿಕ್ಕ ನಿಲ್ದಾಣಕ್ಕೆ ಪ್ಲೈವುಡ್, ಮರದ ಪಟ್ಟಿ, ರಟ್ಟು, ಬಣ್ಣ, ಅಂಟು ಸೇರಿ 450 ರೂಪಾಯಿ ತಗಲುತ್ತದೆ. ಪೆಟ್ಟಿಗೆ ಮತ್ತು ಸ್ಪಂಜಿಗೆ 150 ರೂಪಾಯಿ. ಒಟ್ಟು 600 ರೂಪಾಯಿ ಖರ್ಚಾಯಿತೆಂದು ತಿಳಿದ ಯುವಕ ಅದನ್ನು ಇಮ್ಮಡಿಗೊಳಿಸಿ 1,200 ರೂಪಾಯಿಗೆ, ಸಾಗಣೆ ಉಚಿತವೆಂದು ಸಾರಿ, ಒಂದು ಆನ್‌ಲೈನ್ ಮಾರುಕಟ್ಟೆಯಲ್ಲಿ ಮಾರಾಟಕ್ಕೆ ಇಡುತ್ತಾನೆ. ಸರಕು ಬೇಗನೆ ಖರ್ಚಾಗುತ್ತದೆ. ಗ್ರಾಹಕರು ಹೊಗಳುತ್ತಾರೆ. ಪ್ರತಿ ಕಟ್ಟಡಕ್ಕೂ 600 ರೂಪಾಯಿ ಉಳಿಯಿತೆಂದು ಮನೆಯವರು ನಂಬುತ್ತಾರೆ.

ನಿಜವಾಗಿ ಉಳಿದಿದ್ದೆಷ್ಟು? ಮಾರುಕಟ್ಟೆಯ ದಲ್ಲಾಳಿ ಮತ್ತು ಪಾವತಿ ಶುಲ್ಕ ಶೇಕಡಾ 14 ಎಂದಾದರೆ 168 ರೂಪಾಯಿ. ಸಾಗಣೆಗೆ 200 ರೂಪಾಯಿ. ಕೈಗೆ ಬಂದದ್ದು 832 ರೂಪಾಯಿ. ಸಾಮಗ್ರಿ, ಪೆಟ್ಟಿಗೆ ಹಾಗೂ ಕತ್ತರಿಸುವಾಗ ಹಾಳಾಗುವ ಸಾಮಗ್ರಿಗೆಂದು ಶೇಕಡಾ 10ರಂತೆ 45 ರೂಪಾಯಿ ಸೇರಿ 645 ರೂಪಾಯಿ ಕಳೆದರೆ ಉಳಿಯುವುದು 187 ರೂಪಾಯಿ. ಕಟ್ಟಡಕ್ಕೆ ಹಿಡಿದ ಸಮಯ 10 ಗಂಟೆ. ಗಂಟೆಗೆ 19 ರೂಪಾಯಿಯೂ ಬೀಳಲಿಲ್ಲ. ವಿದ್ಯುತ್, ಅಂತರ್ಜಾಲ, ಉಪಕರಣಗಳ ಸವಕಳಿಯನ್ನು ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ. ಅವುಗಳ ಪಾಲು ಒಂದು ಕಟ್ಟಡಕ್ಕೆ 300 ರೂಪಾಯಿ ಎಂದಾದರೆ ಪ್ರತಿ ಮಾರಾಟಕ್ಕೂ 113 ರೂಪಾಯಿ ಕೈಯಿಂದ ಹೋಗಿದೆ. ಹತ್ತು ಗಂಟೆಯ ದುಡಿಮೆ ಬಿಟ್ಟಿಯಾಗಿದೆ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಮಾತು ಲೆಕ್ಕ ಬರೆಯದವನ ಪಾಲಿಗೆ ಸತ್ಯವಾಗುವುದಿಲ್ಲ. ಇಂತಹ ಉದ್ಯಮಗಳು ಗ್ರಾಹಕರಿಲ್ಲದೆ ಮುಚ್ಚುವುದಕ್ಕಿಂತ, ಗ್ರಾಹಕರು ತುಂಬಿರುವಾಗಲೇ ದಣಿದು ಮುಚ್ಚುವ ಸಂಭವ ಹೆಚ್ಚು.

ಪೂರ್ಣ ವೆಚ್ಚದ ಪಟ್ಟಿ

ಸರಿಯಾದ ಕ್ರಮದಲ್ಲಿ ವೆಚ್ಚವನ್ನು ಈ ಕೆಳಗಿನಂತೆ ಆರು ಬಾಬುಗಳಾಗಿ ವಿಂಗಡಿಸಬೇಕು.

1. ನೇರ ಸಾಮಗ್ರಿ: ರೂ. 450
2. ಸಾಮಗ್ರಿಯ ನಷ್ಟ, ಶೇಕಡಾ 10: ರೂ. 45
3. ಪೆಟ್ಟಿಗೆ ಮತ್ತು ಪ್ಯಾಕಿಂಗ್: ರೂ. 150
4. ಕೂಲಿ, 10 ಗಂಟೆಗೆ ತಲಾ ರೂ. 120ರಂತೆ: ರೂ. 1,200
5. ವಿನ್ಯಾಸದ ಪಾಲು: ರೂ. 300
6. ಸ್ಥಿರ ವೆಚ್ಚದ ಪಾಲು: ರೂ. 300
ಒಟ್ಟು: ರೂ. 2,445

ಇವುಗಳಲ್ಲಿ ಕೊನೆಯ ಮೂರು ಬಾಬುಗಳಿಗೆ ವಿವರಣೆ ಅವಶ್ಯ. ಮಾಲೀಕನೇ ಕೆಲಸಗಾರನಾದಾಗ ತನ್ನ ಕೂಲಿಯನ್ನು ಬಿಡುವುದು ಸಾಮಾನ್ಯ ತಪ್ಪು. ಅದೇ ಹತ್ತು ಗಂಟೆಗಳನ್ನು ಊರಿನಲ್ಲಿ ಬೇರೆಯವರ ಮನೆಯ ಮರಗೆಲಸಕ್ಕೆ ಕೊಟ್ಟಿದ್ದರೆ ಎಷ್ಟು ಸಿಗುತ್ತಿತ್ತು ಎಂಬುದೇ ಕೂಲಿಯ ಕನಿಷ್ಠ ಅಳತೆಗೋಲು. ಗಂಟೆಗಳ ಲೆಕ್ಕದಲ್ಲಿ ಗರಗಸ ಹಿಡಿದ ಸಮಯ ಮಾತ್ರವಲ್ಲದೆ ಛಾಯಾಚಿತ್ರ ತೆಗೆಯುವ, ಗ್ರಾಹಕರಿಗೆ ಉತ್ತರ ಬರೆಯುವ, ಪೆಟ್ಟಿಗೆ ಕಟ್ಟುವ, ಅಂಚೆ ಕಚೇರಿಗೆ ಹೋಗಿ ಬರುವ ಸಮಯವೂ ಸೇರಬೇಕು. ಇದಕ್ಕೆ ದುಬಾರಿ ತಂತ್ರಾಂಶ ಬೇಡ. ಗೋಡೆಗೆ ತೂಗುಹಾಕಿದ ಒಂದು ನೋಟುಪುಸ್ತಕ ಸಾಕು. ಮೊದಲ ಐದು ಕಟ್ಟಡಗಳಿಗೆ ಗಂಟೆಗಳನ್ನು ಬರೆದಿಟ್ಟವರಿಗೆ ತಮ್ಮ ಅಂದಾಜು ಎಷ್ಟು ತಪ್ಪಿತ್ತೆಂಬುದು ಅರಿವಾಗುತ್ತದೆ.

ವಿನ್ಯಾಸ ಎಂದರೆ ಮೊದಲ ಕಟ್ಟಡಕ್ಕೆ ಮುನ್ನ ಆಗುವ ಕೆಲಸ: ಅಳತೆ ತೆಗೆಯುವುದು, ನಕ್ಷೆ ಬರೆಯುವುದು, ಕತ್ತರಿಸಲು ಅಚ್ಚುಪಟ್ಟಿ ಮಾಡಿಕೊಳ್ಳುವುದು. 40 ಗಂಟೆಗಳ ಕೂಲಿ 4,800 ರೂಪಾಯಿ ಮತ್ತು ಇತರ ವೆಚ್ಚ 1,200 ರೂಪಾಯಿ ಸೇರಿ 6,000 ರೂಪಾಯಿ ಆಯಿತೆಂದು, ಆ ವಿನ್ಯಾಸದಲ್ಲಿ 20 ಕಟ್ಟಡಗಳು ಮಾರಾಟವಾಗುವುವೆಂದು ಇಟ್ಟುಕೊಂಡರೆ ತಲಾ 300 ರೂಪಾಯಿ. ಒಂದೇ ಕಟ್ಟಡಕ್ಕಾಗಿ ಹೊಸ ವಿನ್ಯಾಸ ಮಾಡಿಸಿಕೊಳ್ಳುವ ಗ್ರಾಹಕನು ಇಡೀ 6,000 ರೂಪಾಯಿಯನ್ನು ಭರಿಸಬೇಕು. ಅರ್ಧ ಹಣ ಮುಂಗಡವಾಗಿ ಬಾರದೆ ಅಂತಹ ಕೆಲಸಕ್ಕೆ ಕೈ ಹಾಕಬಾರದು.

ಸ್ಥಿರ ವೆಚ್ಚ ತಿಂಗಳಿಗೆ 4,500 ರೂಪಾಯಿ, ದುಡಿಮೆ ತಿಂಗಳಿಗೆ 150 ಗಂಟೆ ಎಂದಾದರೆ ಗಂಟೆಗೆ 30 ರೂಪಾಯಿ. ಈ ವೆಚ್ಚವನ್ನು ಕಟ್ಟಡದ ಸಂಖ್ಯೆಯ ಮೇಲೆ ಹಂಚದೆ ಗಂಟೆಗಳ ಮೇಲೆ ಹಂಚುವುದು ನ್ಯಾಯ. ಆಗ ಚಿಕ್ಕ ಗೇಟ್ ಮನೆಯ ಮೇಲೆ ದೊಡ್ಡ ನಿಲ್ದಾಣದ ಹೊರೆ ಬೀಳುವುದಿಲ್ಲ.

ಕೂಡಿಸಬಾರದು, ಭಾಗಿಸಬೇಕು

ವೆಚ್ಚ 2,445 ರೂಪಾಯಿ ಎಂದು ತಿಳಿದ ಬಳಿಕ ಮಾರಾಟ ಬೆಲೆ ನಿಗದಿಯಾಗಬೇಕು. ದಲ್ಲಾಳಿ ಮತ್ತು ಪಾವತಿ ಶುಲ್ಕ ಶೇಕಡಾ 14, ಜಾಹೀರಾತು ಶೇಕಡಾ 4, ಒಡೆದು ಹಿಂದಿರುಗುವ ಸರಕಿಗಾಗಿ ಶೇಕಡಾ 4, ಲಾಭ ಶೇಕಡಾ 10. ಒಟ್ಟು ಶೇಕಡಾ 32. ಸಾಗಣೆ ವೆಚ್ಚವನ್ನು ಗ್ರಾಹಕನಿಂದ ಪ್ರತ್ಯೇಕವಾಗಿ ಪಡೆಯಲಾಗುವುದೆಂದು ಇಟ್ಟುಕೊಳ್ಳಲಾಗಿದೆ.

ಅನೇಕ ವ್ಯಾಪಾರಿಗಳು ಇಲ್ಲಿ ಎಡವುತ್ತಾರೆ. ವೆಚ್ಚಕ್ಕೆ ಶೇಕಡಾ 32 ಕೂಡಿಸಿದರೆ ಸಿಗುವ ಬೆಲೆ 3,227 ರೂಪಾಯಿ. ಆದರೆ ದಲ್ಲಾಳಿಯನ್ನು ಆನ್‌ಲೈನ್ ಮಾರುಕಟ್ಟೆಯು ಮಾರಾಟ ಬೆಲೆಯ ಮೇಲೆ ಮುರಿದುಕೊಳ್ಳುತ್ತದೆಯೇ ಹೊರತು ತಯಾರಕನ ವೆಚ್ಚದ ಮೇಲಲ್ಲ. 3,227 ರೂಪಾಯಿಗಳಲ್ಲಿ ದಲ್ಲಾಳಿ, ಜಾಹೀರಾತು, ಹಿಂದಿರುಗುವ ಸರಕಿನ ಪಾಲು ಶೇಕಡಾ 22, ಅಂದರೆ 710 ರೂಪಾಯಿ ಹೋದ ಮೇಲೆ ಉಳಿಯುವುದು 2,517 ರೂಪಾಯಿ. ವೆಚ್ಚ ಕಳೆದರೆ ಲಾಭ ಕೇವಲ 72 ರೂಪಾಯಿ. ಶೇಕಡಾ 10ರ ಲಾಭ ಎಂದುಕೊಂಡಿದ್ದು ಶೇಕಡಾ 2ರ ಆಸುಪಾಸಿಗೆ ಇಳಿದಿದೆ.

ಸರಿಯಾದ ಸೂತ್ರ ಇಷ್ಟೇ: ನೂರರಿಂದ 32 ಕಳೆದರೆ 68. ವೆಚ್ಚವನ್ನು 0.68ರಿಂದ ಭಾಗಿಸಬೇಕು. 2,445ನ್ನು 0.68ರಿಂದ ಭಾಗಿಸಿದರೆ 3,596. ಅಂದರೆ 3,600 ರೂಪಾಯಿ. ಇದರಲ್ಲಿ ಶೇಕಡಾ 22ರಂತೆ 792 ರೂಪಾಯಿ ಕಳೆದು 2,808, ವೆಚ್ಚ ಕಳೆದು ಲಾಭ 363 ರೂಪಾಯಿ.

ಈ 363 ರೂಪಾಯಿ ಎಷ್ಟು ನಾಜೂಕಿನದೆಂಬುದನ್ನು ಎರಡು ಪರೀಕ್ಷೆಗಳು ತಿಳಿಸುತ್ತವೆ. ಹಬ್ಬದ ಮಾರಾಟದಲ್ಲಿ ಶೇಕಡಾ 10 ರಿಯಾಯಿತಿ ಕೊಟ್ಟು 3,240 ರೂಪಾಯಿಗೆ ಮಾರಿದರೆ ಲಾಭ 82 ರೂಪಾಯಿಗೆ ಇಳಿಯುತ್ತದೆ. ಹತ್ತರಲ್ಲಿ ಒಂದು ಪಾಲು ಬೆಲೆ ಇಳಿಸಿದರೆ ಲಾಭದ ಮುಕ್ಕಾಲು ಪಾಲಿಗಿಂತ ಹೆಚ್ಚು ಹೋಗುತ್ತದೆ. ಎರಡನೆಯದಾಗಿ, ಹತ್ತು ಗಂಟೆಯ ಕೆಲಸಕ್ಕೆ ಹನ್ನೆರಡು ಗಂಟೆ ಹಿಡಿದರೆ, ಕೂಲಿ ಮತ್ತು ಸ್ಥಿರ ವೆಚ್ಚ ಸೇರಿ 300 ರೂಪಾಯಿ ಹೆಚ್ಚಿ ಲಾಭ 63 ರೂಪಾಯಿ ಮಾತ್ರ.

ಗ್ರಾಹಕ ಅಷ್ಟು ಕೊಡದಿದ್ದರೆ?

ವೆಚ್ಚವು ಬೆಲೆಯ ತಳವನ್ನು ತೋರಿಸುತ್ತದೆ. ಮೇಲ್ಮಿತಿಯನ್ನು ತೀರ್ಮಾನಿಸುವವನು ಗ್ರಾಹಕ. 3,600 ರೂಪಾಯಿಗೆ ಕೊಳ್ಳುವವರಿಲ್ಲವೆಂದಾದರೆ ತನ್ನ ಕೂಲಿಯನ್ನು ಕಡಿಮೆ ಮಾಡಿಕೊಳ್ಳುವುದು ತಯಾರಕನಿಗೆ ತೋಚುವ ಮೊದಲ ಉಪಾಯ. ಅದು ಕೊನೆಯ ಉಪಾಯವೂ ಆಗಬಾರದು. ಬದಲಾಗಬೇಕಾದುದು ಗಂಟೆಗಳ ಸಂಖ್ಯೆ ಅಥವಾ ಸರಕಿನ ರೂಪ. ಹೆಂಚಿನ ಸಾಲನ್ನು ಒಂದೊಂದಾಗಿ ಅಂಟಿಸುವ ಬದಲು ಅಚ್ಚುಪಟ್ಟಿಯಿಂದ ಒಮ್ಮೆಗೆ ಒತ್ತಿ ತೆಗೆಯುವುದು, ಒಂದು ಕಟ್ಟಡದ ಬದಲು ಐದು ಕಟ್ಟಡಗಳ ಗೋಡೆಗಳನ್ನು ಒಟ್ಟಿಗೆ ಕತ್ತರಿಸುವುದು, ಬಣ್ಣವನ್ನು ಒಂದೇ ದಿನ ಹಚ್ಚುವುದು ಇವೆಲ್ಲ ಗಂಟೆಗಳನ್ನು ಉಳಿಸುವ ದಾರಿಗಳು.

ಇನ್ನೊಂದು ದಾರಿ, ಜೋಡಿಸಿದ ಕಟ್ಟಡದ ಬದಲು ಜೋಡಿಸಬೇಕಾದ ಬಿಡಿಭಾಗಗಳ ಕಟ್ಟನ್ನು ಮಾರುವುದು. ಹವ್ಯಾಸಿಗಳಲ್ಲಿ ಅನೇಕರಿಗೆ ತಾವೇ ಜೋಡಿಸುವುದರಲ್ಲಿ ಸಂತೋಷ. ಇದರ ಲೆಕ್ಕ ಹೀಗಿದೆ: ಸಾಮಗ್ರಿ 400, ನಷ್ಟ 40, ಪ್ಯಾಕಿಂಗ್ 60, ಎರಡೂವರೆ ಗಂಟೆಯ ಕೂಲಿ 300, ಸ್ಥಿರ ವೆಚ್ಚದ ಪಾಲು 75 ರೂಪಾಯಿ. ಜೋಡಣೆಯ ಸೂಚನೆ ಬರೆಯಲು ಇನ್ನೂ 20 ಗಂಟೆ ಹಿಡಿದು ವಿನ್ಯಾಸದ ಒಟ್ಟು ವೆಚ್ಚ 8,400 ರೂಪಾಯಿಗೆ ಏರಿದರೂ 60 ಕಟ್ಟುಗಳ ಮೇಲೆ ಹಂಚಿದಾಗ ತಲಾ 140 ರೂಪಾಯಿ. ಒಟ್ಟು ವೆಚ್ಚ 1,015, 0.68ರಿಂದ ಭಾಗಿಸಿದರೆ ಬೆಲೆ ಸುಮಾರು 1,500 ರೂಪಾಯಿ. ಪ್ರತಿ ಕಟ್ಟಿನ ಲಾಭ ಸುಮಾರು 150 ರೂಪಾಯಿ. ಜೋಡಿಸಿದ ಕಟ್ಟಡದ ಲಾಭಕ್ಕಿಂತ ಇದು ಕಡಿಮೆಯೆಂದು ತೋರುತ್ತದೆ. ಆದರೆ ಗಂಟೆಯ ಲೆಕ್ಕದಲ್ಲಿ ನೋಡಿದರೆ ಕಟ್ಟಡದಲ್ಲಿ ಕೂಲಿಯ ಮೇಲೆ ಸಿಗುವ ಲಾಭ ಗಂಟೆಗೆ 36 ರೂಪಾಯಿ, ಕಟ್ಟಿನಲ್ಲಿ 60 ರೂಪಾಯಿ. ಸಾಲ ತಂದಾದರೂ ಬಂಡವಾಳ ಹೆಚ್ಚಿಸಬಹುದು, ದಿನದ ಗಂಟೆಗಳನ್ನು ಹೆಚ್ಚಿಸಲಾಗದು. ಆದ್ದರಿಂದ ಸರಕಿನ ಆಯ್ಕೆಯನ್ನು ಒಂದು ಗಂಟೆಗೆ ಸಿಗುವ ಲಾಭದ ಮೇಲೆ ಮಾಡಬೇಕು.

ತಿಂಗಳಿಗೆ 15 ಕಟ್ಟಡ ಮಾಡಬಲ್ಲವನಿಗೆ ತಪ್ಪದೆ 20 ಬೇಡಿಕೆ ಬರುತ್ತಿದ್ದರೆ ಬೆಲೆ ಕಡಿಮೆಯಾಗಿದೆಯೆಂದೇ ಅರ್ಥ. ಅಂತಹ ಸಂದರ್ಭದಲ್ಲಿ ರಾತ್ರಿ ನಿದ್ದೆಗೆಡುವ ಬದಲು ಬೆಲೆ ಏರಿಸುವುದು ಅಥವಾ ಸರದಿಯನ್ನು ಪ್ರಕಟಿಸಿ ಆರು ವಾರ ಕಾಯುವಂತೆ ಗ್ರಾಹಕರನ್ನು ಕೇಳುವುದು ವ್ಯಾಪಾರ ಧರ್ಮಕ್ಕೆ ಹೊರತಾದುದಲ್ಲ.

ಪೆಟ್ಟಿಗೆಯ ಗಾತ್ರವೂ ತೂಕವೇ

ಖಾಸಗಿ ಕೊರಿಯರ್ ಸಂಸ್ಥೆಗಳು ಹಗುರವಾದ ದೊಡ್ಡ ಪೆಟ್ಟಿಗೆಗೆ ನಿಜವಾದ ತೂಕದ ಬದಲು ಗಾತ್ರದ ತೂಕವನ್ನು ಲೆಕ್ಕ ಹಿಡಿಯುತ್ತವೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸುವುದು ಬಳಕೆಯಲ್ಲಿರುವ ಒಂದು ಕ್ರಮ. 32, 20, 18 ಸೆಂಟಿಮೀಟರಿನ ಪೆಟ್ಟಿಗೆಯಲ್ಲಿ 700 ಗ್ರಾಂ ತೂಕದ ಕಟ್ಟಡವಿದ್ದರೂ ಬಾಡಿಗೆ ಬೀಳುವುದು 2.3 ಕಿಲೋಗ್ರಾಂಗೆ. ಬಿಡಿಭಾಗಗಳ ಚಪ್ಪಟೆ ಕಟ್ಟು 30, 22, 4 ಸೆಂಟಿಮೀಟರಿನದಾದರೆ ಗಾತ್ರದ ತೂಕ ಅರ್ಧ ಕಿಲೋಗ್ರಾಂಗೆ ತುಸು ಹೆಚ್ಚು. ಮಾಡನ್ನು ಪ್ರತ್ಯೇಕವಾಗಿ ಕಳಚಿಡುವಂತೆ ವಿನ್ಯಾಸ ಮಾಡಿದರೆ ಪೆಟ್ಟಿಗೆ ಚಿಕ್ಕದಾಗುವುದಲ್ಲದೆ ಸೂರು ಮುರಿಯುವುದೂ ತಪ್ಪುತ್ತದೆ. ನಕ್ಷೆ ಬರೆಯುವಾಗಲೇ ಪೆಟ್ಟಿಗೆಯನ್ನು ಎದುರಿಗಿಟ್ಟುಕೊಳ್ಳುವುದು ಜಾಣತನ.

ತೆರಿಗೆ ಮತ್ತು ಕಾನೂನು

ಸರಕುಗಳ ಮಾರಾಟಕ್ಕೆ ಕರ್ನಾಟಕದಲ್ಲಿ ಜಿಎಸ್‌ಟಿ ನೋಂದಣಿಯ ಸಾಮಾನ್ಯ ಮಿತಿ ವಾರ್ಷಿಕ 40 ಲಕ್ಷ ರೂಪಾಯಿ. ಮೇಲಿನ ಉದಾಹರಣೆಯ ಯುವಕ ತಿಂಗಳಿಗೆ 15 ಕಟ್ಟಡ ಮಾರಿದರೆ ವರ್ಷದ ವಹಿವಾಟು 6,48,000 ರೂಪಾಯಿ. ಆದರೂ ಆನ್‌ಲೈನ್ ಮಾರುಕಟ್ಟೆಯ ಮೂಲಕ ಹೊರರಾಜ್ಯಕ್ಕೆ ಸರಕು ಮಾರುವವರಿಗೆ ಮಿತಿಯ ರಿಯಾಯಿತಿ ಇಲ್ಲ, ನೋಂದಣಿ ಅವಶ್ಯ. ರಾಜ್ಯದೊಳಗೆ ಮಾತ್ರ ಮಾರುವ ಸಣ್ಣವರಿಗೆ 2023ರ ಅಕ್ಟೋಬರ್ 1ರಿಂದ, ನಿಗದಿತ ಷರತ್ತುಗಳ ಮೇಲೆ, ನೋಂದಣಿಯಿಲ್ಲದೆ ಇಂತಹ ಮಾರುಕಟ್ಟೆಗಳಲ್ಲಿ ಮಾರಲು ಅವಕಾಶ ದೊರೆತಿದೆ. ಅಧಿಸೂಚನೆಯ ಪಟ್ಟಿಯಲ್ಲಿರುವ ಕರಕುಶಲ ವಸ್ತುಗಳನ್ನು ಹೊರರಾಜ್ಯದ ಗ್ರಾಹಕರಿಗೆ ನೇರವಾಗಿ ಮಾರುವವರಿಗೆ ನಿಗದಿತ ಮಿತಿಯವರೆಗೆ ಪ್ರತ್ಯೇಕ ವಿನಾಯಿತಿ ಇದೆ. ತನ್ನ ಸರಕು ಆ ಪಟ್ಟಿಗೆ ಸೇರುವುದೇ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು.

ನೋಂದಣಿ ಇಲ್ಲದವನಿಗೆ ಒಂದು ಗುಪ್ತ ವೆಚ್ಚವಿದೆ. ದಲ್ಲಾಳಿಯ ಮೇಲೆ ಶೇಕಡಾ 18 ಜಿಎಸ್‌ಟಿ ಬೀಳುತ್ತದೆ. ನೋಂದಾಯಿತನು ಅದನ್ನು ಹೂಡುವಳಿ ತೆರಿಗೆಯಾಗಿ ಹಿಂಪಡೆಯಬಹುದು. ಉಳಿದವರಿಗೆ ಅದು ವೆಚ್ಚ. 3,600 ರೂಪಾಯಿಯ ಮಾರಾಟದಲ್ಲಿ ಶೇಕಡಾ 14ರ ದಲ್ಲಾಳಿಗೆ ಈ ಬಾಬಿನಲ್ಲಿ 91 ರೂಪಾಯಿ ಹೋಗುತ್ತದೆ.

ನೋಂದಾಯಿತ ಮಾರಾಟಗಾರನಿಗೆ ಆನ್‌ಲೈನ್ ಮಾರುಕಟ್ಟೆಯು ಹಣ ಕೊಡುವಾಗ ಎರಡು ಮುರಿತಗಳನ್ನು ಮಾಡುತ್ತದೆ. ಜಿಎಸ್‌ಟಿ ಕಾಯಿದೆಯಡಿ ಸಂಗ್ರಹಿಸುವ ತೆರಿಗೆಯ ದರ 2024ರ ಜುಲೈ 10ರಿಂದ ಶೇಕಡಾ 1ರಿಂದ 0.5ಕ್ಕೆ ಇಳಿದಿದೆ. ಆದಾಯ ತೆರಿಗೆಯ ಮುರಿತ 2024ರ ಅಕ್ಟೋಬರ್ 1ರಿಂದ ಶೇಕಡಾ 1ರಿಂದ 0.1ಕ್ಕೆ ಇಳಿದಿದೆ, ಪ್ಯಾನ್ ಅಥವಾ ಆಧಾರ್ ಕೊಟ್ಟ ವ್ಯಕ್ತಿಗಳ ವಾರ್ಷಿಕ ಮಾರಾಟ 5 ಲಕ್ಷ ರೂಪಾಯಿ ಮೀರದಿದ್ದರೆ ಇದು ಇಲ್ಲ. ಇವೆರಡೂ ವೆಚ್ಚಗಳಲ್ಲ, ಲೆಕ್ಕಕ್ಕೆ ಜಮೆಯಾಗುವ ಹಣ. 6,48,000 ರೂಪಾಯಿಯ ವಹಿವಾಟಿನಲ್ಲಿ ಇವು ಒಟ್ಟು 3,888 ರೂಪಾಯಿ. ರಿಟರ್ನ್ ಸಲ್ಲಿಸದೆ ಬಿಟ್ಟವನಿಗೆ ಮಾತ್ರ ಇದು ನಷ್ಟವಾಗುತ್ತದೆ.

ಆಟಿಕೆಯೋ ಮಾದರಿಯೋ ಎಂಬ ಪ್ರಶ್ನೆ ಎಲ್ಲಕ್ಕಿಂತ ಸೂಕ್ಷ್ಮವಾದುದು. ಸುಂಕದ ವರ್ಗೀಕರಣದಲ್ಲಿ 9503ನೆಯ ಶೀರ್ಷಿಕೆ ಆಟಿಕೆಗಳನ್ನೂ ಅಳತೆಗೆ ಇಳಿಸಿದ ಮಾದರಿಗಳನ್ನೂ ಒಟ್ಟಿಗೆ ಒಳಗೊಂಡಿದೆ. ದೀಪ, ಮೋಟಾರು ಅಳವಡಿಸಿದರೆ ತೆರಿಗೆಯ ದರ ಬದಲಾಗುವ ಸಾಧ್ಯತೆ ಇರುವುದರಿಂದ ಅಂತಹ ಸರಕಿಗೆ ಬೆಲೆ ಪ್ರಕಟಿಸುವ ಮುನ್ನ ದರವನ್ನು ಪರಿಶೀಲಿಸಬೇಕು. ಇನ್ನೊಂದೆಡೆ, 14 ವರ್ಷದೊಳಗಿನ ಮಕ್ಕಳ ಆಟಕ್ಕೆಂದು ಉದ್ದೇಶಿಸಿದ ಆಟಿಕೆಗಳಿಗೆ 2021ರ ಜನವರಿ 1ರಿಂದ ಬಿಐಎಸ್ ಗುರುತು ಕಡ್ಡಾಯವಾಗಿದೆ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಾವೇ ತಯಾರಿಸಿ ಮಾರುವ ಸರಕಿಗೆ ವಿನಾಯಿತಿ ಇದೆ. ಸಂಗ್ರಾಹಕರಿಗಾಗಿ ಮಾಡಿದ ಮಾದರಿಯನ್ನು ಹೆಚ್ಚು ಜನ ನೋಡಲಿ ಎಂಬ ಆಸೆಯಿಂದ ಮಕ್ಕಳ ಆಟಿಕೆಗಳ ವಿಭಾಗದಲ್ಲಿ ಪಟ್ಟಿ ಮಾಡುವವನು ತಾನಾಗಿ ತೊಂದರೆಯನ್ನು ಕರೆದುಕೊಳ್ಳುತ್ತಾನೆ. ಪೆಟ್ಟಿಗೆಯ ಮೇಲೆಯೂ ವಿವರಣೆಯಲ್ಲಿಯೂ ಇದು ವಯಸ್ಕ ಸಂಗ್ರಾಹಕರ ಮಾದರಿ, ಮಕ್ಕಳ ಆಟಿಕೆಯಲ್ಲ ಎಂದು ಸ್ಪಷ್ಟವಾಗಿ ನಮೂದಿಸಬೇಕು. ಸರಕೂ ಅದಕ್ಕೆ ತಕ್ಕಂತೆ ಇರಬೇಕು.

ವಿದೇಶದ ಗ್ರಾಹಕರು

ರಫ್ತಿಗೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದಿಂದ ಆಮದು-ರಫ್ತು ಸಂಕೇತ ಸಂಖ್ಯೆ ಪಡೆಯಬೇಕು. ಅದನ್ನು ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ದೃಢಪಡಿಸಬೇಕು. ಜಿಎಸ್‌ಟಿ ನೋಂದಣಿಯುಳ್ಳವರು ಮುಚ್ಚಳಿಕೆ ಪತ್ರ ಸಲ್ಲಿಸಿ ತೆರಿಗೆ ಕಟ್ಟದೆ ರಫ್ತು ಮಾಡಬಹುದು. ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರಗಳು ಸಣ್ಣ ರಫ್ತುದಾರರಿಗೆ ಸುಂಕದ ದಾಖಲೆಗಳನ್ನು ವಿದ್ಯುನ್ಮಾನ ರೂಪದಲ್ಲಿ ಸಲ್ಲಿಸುವ ಅನುಕೂಲ ಕಲ್ಪಿಸಿವೆ.

ಆದರೆ ವಿದೇಶಿ ಬೆಲೆ ನಿಗದಿಪಡಿಸುವಾಗ ಹಳೆಯ ನಂಬಿಕೆಗಳನ್ನು ಬಿಡಬೇಕು. ಅಮೆರಿಕಕ್ಕೆ ಹೋಗುವ 800 ಡಾಲರ್‌ವರೆಗಿನ ಪೊಟ್ಟಣಗಳಿಗಿದ್ದ ಸುಂಕ ವಿನಾಯಿತಿ 2025ರ ಆಗಸ್ಟ್ 29ರಂದು ಕೊನೆಗೊಂಡಿತು. ಆ ದಿನಗಳಲ್ಲಿ ಭಾರತೀಯ ಅಂಚೆ ಅಮೆರಿಕದ ಸೇವೆಯನ್ನು ಬಹುತೇಕ ನಿಲ್ಲಿಸಿ ಅಕ್ಟೋಬರ್ ಮಧ್ಯದಲ್ಲಿ ಮತ್ತೆ ಆರಂಭಿಸಬೇಕಾಯಿತು. ಯೂರೋಪಿನ ಒಕ್ಕೂಟದಲ್ಲಿ 22 ಯೂರೋವರೆಗಿನ ಪೊಟ್ಟಣಗಳಿಗಿದ್ದ ಮೌಲ್ಯವರ್ಧಿತ ತೆರಿಗೆಯ ವಿನಾಯಿತಿ 2021ರ ಜುಲೈ 1ರಿಂದ ಇಲ್ಲ. 2024ರ ಡಿಸೆಂಬರ್ 13ರಿಂದ ಜಾರಿಯಾದ ಸುರಕ್ಷತಾ ನಿಯಮದಂತೆ ಅಲ್ಲಿನ ಗ್ರಾಹಕರಿಗೆ ಮಾರುವ ಸರಕಿಗೆ ಒಕ್ಕೂಟದೊಳಗೆ ಒಬ್ಬ ಜವಾಬ್ದಾರ ಪ್ರತಿನಿಧಿ ಇರಬೇಕು. ಸುಂಕವನ್ನು ಯಾರು ಕಟ್ಟಬೇಕೆಂಬುದನ್ನು ಮಾರಾಟದ ಮುನ್ನ ಬರೆದು ತಿಳಿಸದಿದ್ದರೆ ಗ್ರಾಹಕ ಪೊಟ್ಟಣವನ್ನು ಸ್ವೀಕರಿಸದೆ ಬಿಡುತ್ತಾನೆ. ಹೋಗಿ ಬರುವ ಸಾಗಣೆ ವೆಚ್ಚ ಕಟ್ಟಡದ ಬೆಲೆಯನ್ನೇ ಮೀರಬಹುದು. ಮೊದಲ ವರ್ಷ ದೇಶದೊಳಗಿನ ಗ್ರಾಹಕರಲ್ಲಿ ಕೈ ಪಳಗಿಸಿಕೊಂಡು ಬಳಿಕ ಹೊರಗೆ ಹೋಗುವುದು ಲೇಸು.

ಕೊನೆಯದಾಗಿ

ಕರಾವಳಿಯ ಹಳೆಯ ಮನೆಗಳು ಒಂದೊಂದಾಗಿ ಇಳಿಯುತ್ತಿವೆ. ಅವುಗಳಲ್ಲಿ ಕೆಲವನ್ನಾದರೂ ದಿವಂಗತ ವಿಜಯನಾಥ ಶೆಣೈಯವರು ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಮರುನಿಲ್ಲಿಸಿದರು. ಆ ಮಾಡು, ಆ ಕಂಬ, ಆ ಜಗಲಿಯ ಅಳತೆ ಇನ್ನೂ ಬಲ್ಲ ಕೈಗಳು ತಲ್ಲೂರಿನಂತಹ ಊರುಗಳಲ್ಲಿ ಉಳಿಯಬೇಕಾದರೆ ಆ ಕೈಗಳಿಗೆ ಕೂಲಿ ಸಿಗಬೇಕು. ಹೊಗಳಿಕೆಯ ಸಂದೇಶಗಳಿಂದ ಮನೆಯ ಖರ್ಚು ನಡೆಯುವುದಿಲ್ಲ.

ಆದ್ದರಿಂದ ಮಾರಾಟಕ್ಕೆ ಇಡುವ ಮುನ್ನ ತಯಾರಕನು ತನಗೆ ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳಲಿ. ಈ ವಸ್ತುವಿಗೆ ನಿಜವಾಗಿ ಎಷ್ಟು ಗಂಟೆ ಹಿಡಿಯಿತು? ಮಾರಾಟ ಬೆಲೆಯಿಂದ ಎಷ್ಟು ಪಾಲು ಬೇರೆಯವರಿಗೆ ಹೋಗುತ್ತದೆ? ಉಳಿದುದನ್ನು ಗಂಟೆಗಳಿಂದ ಭಾಗಿಸಿದರೆ ಊರಿನ ಕೂಲಿಗೆ ಸಮನಾಗುವುದೇ? ಮೂರನೆಯ ಪ್ರಶ್ನೆಗೆ ಹೌದೆಂಬ ಉತ್ತರ ಬಾರದಿದ್ದರೆ ಬೆಲೆಯನ್ನಾಗಲಿ ಕೆಲಸದ ಕ್ರಮವನ್ನಾಗಲಿ ಬದಲಿಸಿದ ನಂತರವೇ ಆ ವಸ್ತುವನ್ನು ಮಾರಾಟಕ್ಕೆ ಇಡುವುದು ಕ್ಷೇಮ.